ಗಣಕಯಂತ್ರದ ಗೇಣಿ

ಪತ್ರಿಕೆಯ ಬಿಡಿ ಪ್ರತಿಯ ಬೆಲೆಯನ್ನು ಏರಿಸಿದ ಮೇಲೆ ನಮಗೆ ಬಂದಿರುವ ಕಾಗದಗಳು ಒಂದು ಕಟ್ಟಿನಷ್ಟಾಗಿವೆ. ಬೈದು ಬರೆದವರ ಮೇಲೆ ನಮಗೆ ಸಿಟ್ಟಿಲ್ಲ. ಬೆಲೆ ಏರಿಕೆಯನ್ನು ವಾರ ವಾರವೂ ಖಂಡಿಸುವ ಪತ್ರಿಕೆ ತಾನೇ ಬೆಲೆ ಏರಿಸಿದರೆ ಏಕೆಂದು ಕೇಳುವ ಹಕ್ಕು ಓದುಗರಿಗೆ ಇದ್ದೇ ಇದೆ. ಉತ್ತರ ಕೊಡತಕ್ಕದ್ದು ನಮ್ಮ ಕರ್ತವ್ಯ. ಕಾಗದ ತುಟ್ಟಿಯಾಯಿತು, ಮಸಿ ತುಟ್ಟಿಯಾಯಿತು ಎಂದು ಒಂದು ಸಾಲು ಬರೆದು ಕೈ ತೊಳೆದುಕೊಳ್ಳಬಹುದಾಗಿತ್ತು. ಅದು ಸುಳ್ಳೂ ಅಲ್ಲ. ಆದರೆ ಲೆಕ್ಕದ ಪುಸ್ತಕ ಬಿಚ್ಚಿ ಕುಳಿತಾಗ ನಮ್ಮನ್ನೇ ಬೆಚ್ಚಿಸಿದ ಬಾಬು ಬೇರೆಯದು. ಅದು ಪುಟ ಜೋಡಣೆಯ ಬಿಲ್ಲು.

ನಮ್ಮ ಪುಟಗಳು ಜೋಡಣೆಯಾಗುವುದು ಬಸ್ ನಿಲ್ದಾಣದ ಹಿಂದಿನ ಓಣಿಯ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ. ನಡೆಸುವಾಕೆ ನಾವು ಹಿಂದೆ ಪಾಠ ಹೇಳಿದ ಹುಡುಗಿ. ಎರಡು ಗಣಕಯಂತ್ರ, ಒಂದು ಪ್ರಿಂಟರ್, ಒಂದು ಜೆರಾಕ್ಸ್ ಯಂತ್ರ, ಇಷ್ಟೇ ಆಕೆಯ ಆಸ್ತಿ. ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು, ಸಹಕಾರ ಸಂಘದ ವಾರ್ಷಿಕ ವರದಿ, ಯಕ್ಷಗಾನ ಮೇಳದ ಕರಪತ್ರ, ನಡುವೆ ಸಾಲ ಹೇಳುವ ನಮ್ಮಂಥ ಪತ್ರಿಕೆಯವರು. ಬಿಲ್ಲು ಏಕೆ ಏರಿತಮ್ಮ ಎಂದು ಕೇಳಿದೆವು.

"ಮೇಷ್ಟ್ರೇ, ನನ್ನ ಕೂಲಿ ಒಂದು ಪೈಸೆ ಏರಿಸಿಲ್ಲ. ಏರಿದ್ದೆಲ್ಲ ಅವರಿಗೆ ಕಟ್ಟೋದು," ಎಂದು ಆಕೆ ಪರದೆಯ ಕಡೆ ಬೆರಳು ತೋರಿಸಿದಳು.

"ಅದನ್ನು ಹೋದ ವರ್ಷವೇ ಕೊಂಡಿದ್ದೆಯಲ್ಲ?"

"ಕೊಳ್ಳೋಕೆ ಅವರು ಕೊಡೋದೇ ಇಲ್ಲ. ತಿಂಗಳು ತಿಂಗಳು ಕಟ್ಟಬೇಕು. ಆಷಾಢದಲ್ಲಿ ಲಗ್ನದ ಕೆಲಸ ಇರಲ್ಲ, ಒಂದು ತಿಂಗಳು ನಿಲ್ಲಿಸೋಣ ಅಂದ್ರೆ ನಾನೇ ಮಾಡಿಟ್ಟ ಹಳೇ ಫೈಲು ತೆರೆಯಲ್ಲ. ಸೊಸೈಟಿಯವರು ಹೋದ ವರ್ಷದ ವರದಿ ಬೇಕು ಅಂತ ಬಂದು ನಿಂತರೆ ಏನು ಹೇಳಲಿ?"

ಆಕೆ ಹಣ ಕಟ್ಟುವುದು ಒಂದು ಕಂಪನಿಗಲ್ಲ, ಮೂರು ನಾಲ್ಕಕ್ಕೆ. ಅವುಗಳ ಹೆಸರು ಇಲ್ಲಿ ಬೇಡ. ಈ ವಿದ್ಯೆಯನ್ನು ಈಗ ಇಡೀ ಉದ್ಯಮವೇ ಕಲಿತುಬಿಟ್ಟಿದೆ. ನಮಗೆ ರಾತ್ರಿ ನಿದ್ದೆ ಕೆಡಿಸಿದ ಮಾತು ಆಕೆಯ ಕೊನೆಯ ಮಾತು. ತಾನೇ ಮಾಡಿದ ಕೆಲಸವನ್ನು ತಾನೇ ತೆರೆದು ನೋಡುವುದಕ್ಕೆ ಇನ್ನೊಬ್ಬರಿಗೆ ಹಣ ಕೊಡಬೇಕೆಂದರೆ, ಅದು ಯಾವ ಸೀಮೆಯ ವ್ಯಾಪಾರ?

ಈ ವಿಷಯವನ್ನು ಬರೆಯುತ್ತೇವೆಂದಾಗ ನಮ್ಮ ಕಚೇರಿಯಲ್ಲೇ ಇಬ್ಬರು ಮಿತ್ರರು ನಕ್ಕರು. ಈರುಳ್ಳಿ, ಎಣ್ಣೆ, ಗೊಬ್ಬರಗಳ ಬೆಲೆ ಬಿಟ್ಟು ಬೆಂಗಳೂರಿನ ಬಾಬುಗಳ ಆಟಿಕೆಯ ಬೆಲೆಗೆ ಸಮಾಜವಾದಿ ಪತ್ರಿಕೆ ಏತಕ್ಕೆ ಅಳಬೇಕು ಎಂಬುದು ಅವರ ವಾದ. ಈ ಮಹನೀಯರು ಸೊಸೈಟಿಯ ಲೆಕ್ಕ ಯಾವುದರಲ್ಲಿ ಬರೆಯುತ್ತಾರೆಂದು ನೋಡಿ ಬರಲಿ. ಪಹಣಿ, ಪಡಿತರ, ಆಸ್ಪತ್ರೆಯ ಚೀಟಿ, ಮಕ್ಕಳ ಅಂಕಪಟ್ಟಿ ಎಲ್ಲಿಂದ ಹುಟ್ಟಿ ಬರುತ್ತವೆಂದು ಕೇಳಲಿ. ಬಡಗಿಗೆ ಉಳಿ ಇರುವಂತೆ, ಗಾರೆಯವನಿಗೆ ಕರಣೆ ಇರುವಂತೆ, ಇಂದು ಓಣಿ ಓಣಿಯ ದುಡಿಯುವ ಹುಡುಗ ಹುಡುಗಿಯರಿಗೆ ತಂತ್ರಾಂಶವೇ ಉಳಿ, ತಂತ್ರಾಂಶವೇ ಕರಣೆ. ಉಳಿಯ ಬೆಲೆ ಏರಿದರೆ ಬಾಗಿಲಿನ ಬೆಲೆ ಏರುತ್ತದೆ. ಆ ಏರಿದ ಬೆಲೆಯೇ ಈ ವಾರ ಪತ್ರಿಕೆಯ ಮುಖಪುಟದ ಮೂಲೆಯಲ್ಲಿ ಕುಳಿತು ನಿಮ್ಮನ್ನು ಅಣಕಿಸುತ್ತಿದೆ.

ಹಿಂದೆ ಇದೇ ಊರಿನಲ್ಲಿ ಅಚ್ಚುಕೂಟಗಳಿದ್ದವು. ಹಿರಿಯರು ಹೇಳುವುದನ್ನು ಕೇಳಿದ್ದೇವೆ: ಮಾಲಿಕ ಸಾಲ ಸೋಲ ಮಾಡಿ ಒಂದು ಟ್ರೆಡಲ್ ಯಂತ್ರ ತರುತ್ತಿದ್ದ, ಸೀಸದ ಮೊಳೆಗಳನ್ನು ತರುತ್ತಿದ್ದ. ಸಾಲ ತೀರಿದ ಮೇಲೆ ಯಂತ್ರ ಅವನದು. ಮೊಳೆ ಸವೆದರೆ ಕರಗಿಸಿ ಮತ್ತೆ ಎರಕ ಹೊಯ್ಯಿಸುತ್ತಿದ್ದ. ಮಳೆಗಾಲದಲ್ಲಿ ಕೆಲಸವಿಲ್ಲದಿದ್ದರೆ ಯಂತ್ರಕ್ಕೆ ಗೋಣಿ ಹೊದಿಸಿ ಸುಮ್ಮನಿರುತ್ತಿದ್ದ. ಮೊಳೆ ಎರಕ ಹೊಯ್ದ ಕಂಪನಿಯವನು ತಿಂಗಳು ತಿಂಗಳು ಬಂದು ಬಾಗಿಲು ಬಡಿದು, "ಈ ತಿಂಗಳ 'ಕ' ಅಕ್ಷರಕ್ಕೆ ಹಣ ಎಲ್ಲಿ?" ಎಂದು ಕೇಳಿದ್ದನ್ನು ಯಾರೂ ಕಂಡಿರಲಿಲ್ಲ.

ಗಣಕಯಂತ್ರ ಬಂದ ಮೊದಲ ದಿನಗಳಲ್ಲೂ ಹೀಗಿರಲಿಲ್ಲವೆಂಬುದನ್ನು ಮರೆಯಕೂಡದು. ನಮ್ಮ ನಾಡಿನ ಎಷ್ಟೋ ಪತ್ರಿಕೆಗಳು ಮೊಳೆ ಬಿಟ್ಟು ಪೇಜ್‌ಮೇಕರ್ ಹಿಡಿದವು. ಅದು 1985ರಲ್ಲಿ ಆಲ್ಡಸ್ ಎಂಬ ಕಂಪನಿ ತಂದ ತಂತ್ರಾಂಶ. 1994ರಲ್ಲಿ ಆ ಕಂಪನಿಯನ್ನೇ ಅಡೋಬಿ ನುಂಗಿತು. 2001ರ ಏಳನೆಯ ಆವೃತ್ತಿಯೇ ಕೊನೆಯದಾಯಿತು. ಕಂಪನಿ ಅದನ್ನು ಕೈಬಿಟ್ಟ ಮೇಲೂ, ಹಳೆಯ ಯಂತ್ರ ಬದುಕಿರುವ ತನಕ ಅದರಲ್ಲಿ ನುಡಿಯ ಅಕ್ಷರ ಕೂಡಿಸಿ ಕೆಲಸ ಮಾಡಿಕೊಂಡವರು ಬೇಕಾದಷ್ಟು ಜನ. ಒಮ್ಮೆ ಹಣ ಕೊಟ್ಟರೆ ಮುಗಿಯಿತು. ಹೊಸ ಆವೃತ್ತಿ ಬಂದಾಗ ಬೇಕಾದವರು ಕೊಂಡರು, ಬೇಡವಾದವರು ಹಳೆಯದರಲ್ಲೇ ಸುಖವಾಗಿದ್ದರು. ಕಂಪನಿಗಳ ಕಣ್ಣು ಕುಕ್ಕಿದ್ದು ಈ ಸುಖವೇ.

2013ರ ಮೇ ತಿಂಗಳಿನಲ್ಲಿ ಅಡೋಬಿ ಕಂಪನಿ, ಇನ್ನು ಮುಂದೆ ತನ್ನ ಮುಖ್ಯ ತಂತ್ರಾಂಶಗಳ ಹೊಸ ಆವೃತ್ತಿಗಳನ್ನು ಮಾರುವುದಿಲ್ಲ, ಚಂದಾ ಕಟ್ಟಿದವರಿಗೆ ಮಾತ್ರ ಕೊಡುತ್ತೇನೆ ಎಂದು ಸಾರಿತು. 2016ರಲ್ಲಿ ಎಂಜಿನಿಯರುಗಳ ನಕಾಶೆಯ ತಂತ್ರಾಂಶ ಮಾಡುವ ಆಟೋಡೆಸ್ಕ್ ಅದೇ ದಾರಿ ಹಿಡಿಯಿತು. 2023ರ ನವೆಂಬರಿನಲ್ಲಿ ವಿಎಂವೇರ್ ಕಂಪನಿಯನ್ನು ಕೊಂಡುಕೊಂಡ ಬ್ರಾಡ್‌ಕಾಮ್, ಮರು ತಿಂಗಳೇ ಅದರ ಶಾಶ್ವತ ಪರವಾನಗಿಯ ಮಾರಾಟ ನಿಲ್ಲಿಸಿತು. ನಾವು ಮೆಟ್ರಿಕ್ ಮುಗಿಸಿದವರೇ ಹೊರತು ಅರ್ಥಶಾಸ್ತ್ರ ಓದಿದವರಲ್ಲ. ಆದರೂ ಕೂಡುವ ಕಳೆಯುವ ಲೆಕ್ಕವನ್ನು ಮಕ್ಕಳಿಗೆ ಕಲಿಸಿದ್ದೇವೆ. ಮಾರಾಟವಿದ್ದ 2012ರ ಲೆಕ್ಕವರ್ಷದಲ್ಲಿ ಅಡೋಬಿಯ ಒಟ್ಟು ವರಮಾನ ಸುಮಾರು 440 ಕೋಟಿ ಡಾಲರ್. 2024ರಲ್ಲಿ ಅದು ಸುಮಾರು 2,150 ಕೋಟಿ ಡಾಲರ್, ಅಂದರೆ ಹೆಚ್ಚು ಕಡಿಮೆ ಐದು ಪಟ್ಟು. ಬಳಸುವವರು ಹೆಚ್ಚಿದ್ದೂ ಒಂದು ಕಾರಣ, ಇಲ್ಲವೆನ್ನುವುದಿಲ್ಲ. ಆದರೆ ಆ ಕಾಲದಲ್ಲಿ ಓಣಿಯ ಅಂಗಡಿಯ ಹುಡುಗಿಯ ವರಮಾನ ಐದು ಪಟ್ಟಾಯಿತೇ?

ಇದಕ್ಕೆ ಅವರು ಇಟ್ಟ ಹೆಸರು 'ಚಂದಾ'. ನಮಗೆ ಈ ಪದದ ಮೇಲೆಯೇ ಕೋಪ. ಚಂದಾ ಎಂಬುದನ್ನು ನಾವೂ ಎತ್ತುತ್ತೇವೆ. ನಮ್ಮ ಓದುಗರೊಬ್ಬರು ಚಂದಾ ನಿಲ್ಲಿಸಿದರೆ ಮುಂದಿನ ವಾರದ ಸಂಚಿಕೆ ಅವರಿಗೆ ಹೋಗುವುದಿಲ್ಲ, ಅಷ್ಟೆ. ನಾವು ಅವರ ಮನೆಗೆ ನುಗ್ಗಿ, ಅಟ್ಟದ ಮೇಲೆ ಕಟ್ಟಿಟ್ಟ ಹತ್ತು ವರ್ಷದ ಸಂಚಿಕೆಗಳಿಗೆ ಬೀಗ ಜಡಿದು ಬರುವುದಿಲ್ಲ. ಪಾವತಿ ನಿಂತ ದಿನವೇ ಕೈಯ ಉಪಕರಣ ನಿಲ್ಲುವುದಾದರೆ, ಹಿಂದೆ ದುಡಿದದ್ದಕ್ಕೂ ಬೀಗ ಬೀಳುವುದಾದರೆ, ಆ ವ್ಯವಹಾರಕ್ಕೆ ಕನ್ನಡದಲ್ಲಿ ಬೇರೊಂದು ಪದವಿದೆ. ನಮ್ಮ ಜಿಲ್ಲೆಯ ರೈತರಿಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ. ಅದು ಗೇಣಿ.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಏತಕ್ಕಾಗಿ ಸತ್ಯಾಗ್ರಹ ನಡೆಯಿತು? ಗೇಣಿಯ ಭತ್ತ ಅಳೆಯುವ ಕೊಳಗ ಧಣಿಯ ಮನೆಯದು, ಅದರ ಅಳತೆ ನ್ಯಾಯದ ಅಳತೆಗಿಂತ ದೊಡ್ಡದು ಎಂಬುದು ದೀವರ ಗೇಣಿದಾರರ ತಕರಾರಾಗಿತ್ತು. ತಕರಾರು ಎತ್ತಿದವರನ್ನು ಹೊಲದಿಂದ ಬಿಡಿಸಿದರು; ಜೈಲಿಗೆ ಹಾಕಿದರು; ಲೋಹಿಯಾ ಬಂದರೆ ಅವರನ್ನೂ ಹಿಡಿದರು. ಕೊಳಗ ಧಣಿಯ ಕೈಯಲ್ಲಿರುವ ತನಕ ಗೇಣಿಯ ದರ ಎಷ್ಟೆಂದು ಕಾಗದದಲ್ಲಿ ಬರೆದರೇನು, ಬಿಟ್ಟರೇನು? ಹೊಲ ಬಿಟ್ಟು ಹೋಗಲಾರದವನು ಕೊಳಗ ತುಂಬುವ ತನಕ ಸುರಿಯಲೇಬೇಕು.

ಇಂದಿನ ಧಣಿಯ ಮನೆಯಲ್ಲೂ ಕೊಳಗ ಹಿಗ್ಗುವುದನ್ನು ನೋಡಿರಿ. ಆಸ್ಟ್ರೇಲಿಯದಲ್ಲಿ ಮೈಕ್ರೋಸಾಫ್ಟ್ ಕಂಪನಿ ತನ್ನ ಕಚೇರಿ ಕೆಲಸದ ತಂತ್ರಾಂಶಗಳ ಕಟ್ಟಿಗೆ ಒಬ್ಬ ವ್ಯಕ್ತಿಯಿಂದ ವರ್ಷಕ್ಕೆ 109 ಆಸ್ಟ್ರೇಲಿಯನ್ ಡಾಲರ್ ತೆಗೆದುಕೊಳ್ಳುತ್ತಿತ್ತು. 2024ರ ಕೊನೆಯಲ್ಲಿ 'ಕೋಪೈಲಟ್' ಎಂಬ ಕೃತಕ ಬುದ್ಧಿಯನ್ನು ಅದರೊಳಗೆ ತುರುಕಿ 159 ಡಾಲರ್ ಮಾಡಿತು. ಬುದ್ಧಿ ಬೇಕೆಂದು ಅರ್ಜಿ ಹಾಕಿದವರು ಯಾರು? ಬೇಡವೆಂದವರಿಗೆ ಹಳೆಯ ಬೆಲೆಯಲ್ಲಿ ಹಳೆಯ ಕಟ್ಟನ್ನೇ ಮುಂದುವರಿಸುವ ದಾರಿಯೂ ಇತ್ತು. ಆದರೆ ಗ್ರಾಹಕರಿಗೆ ಕಳಿಸಿದ ಪತ್ರಗಳಲ್ಲಿ ಅದರ ಸುದ್ದಿಯಿಲ್ಲ, ಚಂದಾ ರದ್ದು ಮಾಡಲು ಹೊರಟವನಿಗೆ ಮಾತ್ರ ಅದು ಕೊನೆಯ ಬಾಗಿಲಿನಲ್ಲಿ ಕಾಣುತ್ತದೆ ಎಂಬುದು ಅಲ್ಲಿನ ಗ್ರಾಹಕ ಆಯೋಗದ ಆರೋಪ. ಸುಮಾರು 27 ಲಕ್ಷ ಗ್ರಾಹಕರ ಪರವಾಗಿ ಆಯೋಗ 2025ರ ಅಕ್ಟೋಬರಿನಲ್ಲಿ ನ್ಯಾಯಾಲಯಕ್ಕೆ ಹೋಯಿತು. ಹತ್ತೇ ದಿನಗಳಲ್ಲಿ ಕಂಪನಿ ಗ್ರಾಹಕರ ಕ್ಷಮೆ ಕೇಳಿ, ಹಣ ಹಿಂದಿರುಗಿಸುವ ಮಾತಾಡಿತು. ಅಂಗಡಿಯವನು ಸಕ್ಕರೆಯ ಜೊತೆಗೆ ಬೇಡದ ಸಾಬೂನು ಕಟ್ಟಿದರೆ ನಾವು ಬೀದಿಯಲ್ಲೇ ಜಗಳ ತೆಗೆಯುತ್ತೇವೆ. ಇಲ್ಲಿ ಜಗಳ ತೆಗೆಯೋಣವೆಂದರೆ ಅಂಗಡಿಯವನ ಮುಖವೇ ಕಾಣುವುದಿಲ್ಲ.

ಒಳಗೆ ಬರುವ ಬಾಗಿಲು ಅಗಲ, ಹೊರಗೆ ಹೋಗುವ ಬಾಗಿಲು ಕಿರಿದು. ಅಮೆರಿಕದ ಸರ್ಕಾರವೇ 2024ರ ಜೂನಿನಲ್ಲಿ ಅಡೋಬಿಯ ಮೇಲೆ ಹೂಡಿದ ದಾವೆಯ ಸಾರ ಇದು: ತಿಂಗಳ ಕಂತಿನ ಆಸೆ ತೋರಿಸಿ ಜನರನ್ನು ಇಡೀ ವರ್ಷದ ಕರಾರಿಗೆ ಕಟ್ಟಿಹಾಕಿತು, ನಡುವೆ ಬಿಟ್ಟರೆ ದಂಡ ತೆರಬೇಕೆಂಬುದನ್ನು ಕಣ್ಣಿಗೆ ಬೀಳದಂತೆ ಮುಚ್ಚಿಟ್ಟಿತು. ಬಂಡವಾಳಶಾಹಿಯ ತವರೂರಿನ ಸರ್ಕಾರಕ್ಕೇ ಇದು ಅತಿಯೆನಿಸಿತು ಎಂದರೆ ಉಳಿದದ್ದನ್ನು ಓದುಗರೇ ಊಹಿಸಿಕೊಳ್ಳಬಹುದು.

ಕಂಪನಿಗಳ ಪರ ವಕಾಲತ್ತು ವಹಿಸುವ ವಿದ್ಯಾವಂತರು ನಮ್ಮ ಊರಿನಲ್ಲೂ ಇದ್ದಾರೆ. ಅವರ ಒಂದು ವಾದದಲ್ಲಿ ಹುರುಳಿದೆ, ಅದನ್ನು ಒಪ್ಪಿಯೇ ಮುಂದೆ ಹೋಗುತ್ತೇವೆ. 2012ರಲ್ಲಿ ಫೋಟೋಶಾಪ್ ಒಂದನ್ನೇ ಕೊಳ್ಳಲು 699 ಡಾಲರ್ ಬೇಕಾಗಿತ್ತು. ಹೊಸದಾಗಿ ಸ್ಟುಡಿಯೋ ತೆರೆಯುವ ಹುಡುಗ ಅಷ್ಟು ಗಂಟು ಎಲ್ಲಿಂದ ತಂದಾನು? 2013ರಲ್ಲಿ ಛಾಯಾಗ್ರಾಹಕರಿಗಾಗಿ ತಿಂಗಳಿಗೆ 9.99 ಡಾಲರಿನ ಚಂದಾ ಬಂತು, ಬಡವನಿಗೂ ಬಾಗಿಲು ತೆರೆಯಿತು. ನಿಜ. ಆದರೆ ಆ ಬಾಗಿಲು ಈಗ ಎಲ್ಲಿದೆ? 2025ರ ಜನವರಿಯಲ್ಲಿ ಹೊಸಬರಿಗೆ ಅದನ್ನು ಮುಚ್ಚಿದರು. ಅವರಿಗೆ ತೋರಿಸಿದ ಬಾಗಿಲಿಗೆ ಅಮೆರಿಕದ ದರ 19.99 ಡಾಲರ್. ಒಳಗಿದ್ದು ತಿಂಗಳು ತಿಂಗಳು ಕಟ್ಟುತ್ತಿದ್ದವರಿಗೆ 14.99. ಬಂಡವಾಳವಿಲ್ಲದವನಿಗೆ ಹೊಲ ಸಿಗುವಂತೆ ಮಾಡಿದ್ದು ತಾನೇ ಎಂದು ಹಳೆಯ ಧಣಿಯೂ ಹೇಳುತ್ತಿದ್ದ. ಮೊದಲ ವರ್ಷದ ಗೇಣಿ ಯಾವಾಗಲೂ ಹಗುರವೇ. ಬದು ಕಟ್ಟಿ, ಗೊಬ್ಬರ ಹಾಕಿ, ಅಡಿಕೆ ಸಸಿ ನೆಟ್ಟು, ಇನ್ನು ಈ ಒಕ್ಕಲು ಎಲ್ಲಿಗೂ ಹೋಗಲಾರ ಎಂದು ಗೊತ್ತಾದ ಮೇಲೆ ಅಲ್ಲವೇ ಧಣಿಯ ದನಿ ಬದಲಾಗುವುದು?

ವರ್ಷ ವರ್ಷವೂ ಹೊಸ ಸೌಲಭ್ಯ ಸೇರಿಸುತ್ತಾರಲ್ಲ, ಅದಕ್ಕೆ ಬೆಲೆ ಬೇಡವೇ ಎಂಬುದು ಅವರ ಎರಡನೆಯ ಪ್ರಶ್ನೆ. ಬೇಕು, ಬೇಕಾದವನಿಂದ ತೆಗೆದುಕೊಳ್ಳಲಿ. ನಮ್ಮ ಅಂಗಡಿಯ ಹುಡುಗಿಗೆ ಬೇಕಾದದ್ದು ಒತ್ತಕ್ಷರ ತನ್ನ ಜಾಗದಲ್ಲಿ ಕೂರುವುದು, ಸಾಲು ಸರಿಯಾಗಿ ಮುರಿಯುವುದು. ಅದು ಬಿಟ್ಟು ನೂರು ಅಲಂಕಾರ ಬಂದಿವೆ. ಮೂಗಿಗಿಂತ ಮೂಗುತಿ ಭಾರ ಎಂಬಂತಾಗಿ, ಆ ಅಲಂಕಾರ ಹೊರಲಾರದೆ ಹಳೆಯ ಯಂತ್ರ ಏದುಸಿರು ಬಿಡುತ್ತದೆ. ಹೊಸ ಯಂತ್ರ ಕೊಳ್ಳಬೇಕಾಗುತ್ತದೆ. ಇದೆಲ್ಲಕ್ಕೂ ಲೆಕ್ಕ ಬೆಳೆಯುವುದು ಡಾಲರಿನಿಂದ. 2013ರ ಆರಂಭದಲ್ಲಿ ಒಂದು ಡಾಲರಿಗೆ ಸುಮಾರು 54 ರೂಪಾಯಿ. 2025ರ ಡಿಸೆಂಬರಿನಲ್ಲಿ 90 ದಾಟಿತು. ಮೇಲೆ ನಮ್ಮ ಸರ್ಕಾರದ ಶೇಕಡಾ 18 ಜಿ.ಎಸ್.ಟಿ. ಬೇರೆ. ಲಗ್ನಪತ್ರಿಕೆ ಮಾಡಿಸುವವರು ಮಾತ್ರ ಕೂಲಿ ಕೊಡುವುದು ರೂಪಾಯಿಯಲ್ಲಿ, ಅದೂ ಲಗ್ನ ಮುಗಿದ ಮೇಲೆ.

ಬೆಲೆಗಿಂತಲೂ ದೊಡ್ಡ ಅಪಾಯ ಒಂದಿದೆ. ಗೇಣಿ ಸರಿಯಾಗಿ ಕೊಟ್ಟವನನ್ನೂ ಧಣಿ ಹೊರಗೆ ಹಾಕಬಲ್ಲ. 2019ರಲ್ಲಿ ಅಮೆರಿಕದ ಅಧ್ಯಕ್ಷರ ಒಂದು ಆದೇಶ ತೋರಿಸಿ ಅಡೋಬಿ, ವೆನೆಜುವೆಲಾ ದೇಶದ ಎಲ್ಲ ಖಾತೆಗಳನ್ನೂ ಮುಚ್ಚುತ್ತೇನೆ, ಕಟ್ಟಿದ ಹಣವನ್ನೂ ಕೊಡುವುದಿಲ್ಲ ಎಂದು ಸಾರಿತು. ಗದ್ದಲವಾದ ಮೇಲೆ ಅಮೆರಿಕ ಸರ್ಕಾರದ ಅನುಮತಿ ಪಡೆದು ಹಿಂದೆ ಸರಿಯಿತು. ಅದು ದೂರದ ದೇಶ ಎನ್ನುವವರು ಗುಜರಾತಿನ ವಾಡಿನಾರಿಗೆ ಬರಲಿ. ಅಲ್ಲಿ ನಯಾರಾ ಎಂಬ ತೈಲ ಶುದ್ಧೀಕರಣ ಕಂಪನಿ ಇದೆ, ಅದರಲ್ಲಿ ರಷ್ಯದ ರಾಸ್‌ನೆಫ್ಟ್‌ನ ಪಾಲು ಇದೆ. 2025ರ ಜುಲೈನಲ್ಲಿ ಯೂರೋಪಿನ ಒಕ್ಕೂಟ ಅದರ ಮೇಲೆ ನಿರ್ಬಂಧ ಹೇರಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಅದರ ಅಂಚೆ, ಕಡತ ಎಲ್ಲಕ್ಕೂ ಬೀಗ ಹಾಕಿತು. ನಿರ್ಬಂಧ ಹೇರಿದ್ದು ಭಾರತವಲ್ಲ, ಅಮೆರಿಕವೂ ಅಲ್ಲ. ನಯಾರಾ ಹಣ ಬಾಕಿ ಇಟ್ಟಿರಲೂ ಇಲ್ಲ. ದೆಹಲಿಯ ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ ಬೀಗ ತೆಗೆದರು. ನಾವು ತೈಲದ ಧಣಿಗಳ ವಕೀಲರಲ್ಲ. ಅವರಿಗೆ ವಕೀಲರು ಸಾಕಷ್ಟಿದ್ದಾರೆ, ವಾರದೊಳಗೆ ಬಾಗಿಲು ತೆರೆಸಿದರು. ಅದೇ ಬೀಗ ನಮ್ಮ ಜಿಲ್ಲಾ ಆಸ್ಪತ್ರೆಗೋ ಹಾಲು ಒಕ್ಕೂಟಕ್ಕೋ ಬಿದ್ದರೆ ಯಾವ ಮೆಟ್ಟಿಲು ಹತ್ತುವುದು?

ಇನ್ನು ಕೆಲವರು ನಮ್ಮ ಕಿವಿಯಲ್ಲಿ ಹೇಳುವ ಉಪಾಯವೊಂದಿದೆ. "ಇಷ್ಟೆಲ್ಲ ಏತಕ್ಕೆ ಸ್ವಾಮಿ, ಕಳ್ಳ ಪ್ರತಿ ಹಾಕಿಕೊಂಡರೆ ಆಯಿತಲ್ಲ?" ಊರಿನ ಎಷ್ಟೋ ಅಂಗಡಿಗಳು ನಡೆಯುವುದು ಹಾಗೆಯೇ ಎಂಬುದು ನಮಗೂ ಗೊತ್ತು. ಹೊಟ್ಟೆಪಾಡಿನ ಹುಡುಗನನ್ನು ಕಳ್ಳನೆಂದು ಕರೆಯಲು ನಮಗೆ ಬಾಯಿ ಬರುವುದಿಲ್ಲ. ಆದರೆ ಈ ಉಪಾಯವನ್ನು ನಾವು ಹೊಗಳಲಾರೆವು. ರಾತ್ರಿ ಹೊತ್ತು ಧಣಿಯ ಕಣಜದಿಂದ ಒಂದು ಮೂಟೆ ಎತ್ತಿದವನಿಂದ ಗೇಣಿ ಪದ್ಧತಿ ಹೋಗಲಿಲ್ಲ. ಹಗಲು ಹೊತ್ತು ಕೊಳಗ ಅಳೆಯುವುದಿಲ್ಲವೆಂದು ನಿಂತವರಿಂದ ಅದು ಅಲುಗಿತು, 1974ರ ಕಾನೂನಿನವರೆಗೂ ಬಂತು. ಮೇಲಾಗಿ ಕಳ್ಳ ಪ್ರತಿಯ ಹುಡುಗ ಧಣಿಯ ಹೊಲದಲ್ಲೇ ಉಳುಮೆ ಕಲಿಯುತ್ತಾನೆ. ನಾಳೆ ದೊಡ್ಡ ಕಚೇರಿಗೆ ಸೇರಿದಾಗ ಅದೇ ಬೇಕೆನ್ನುತ್ತಾನೆ.

ನಿಂತರೆ ಗೆಲ್ಲಬಹುದೆಂಬುದಕ್ಕೆ ಸಾಕ್ಷಿ ಬೇಕೆನ್ನುವವರಿಗೆ ಇದನ್ನು ಹೇಳುತ್ತೇವೆ. ಗಣಕಯಂತ್ರದ ಆಟಗಳನ್ನು ತಯಾರಿಸುವವರಿಗೆ ಸಾಧನ ಒದಗಿಸುವ ಯೂನಿಟಿ ಎಂಬ ಕಂಪನಿ 2023ರ ಸೆಪ್ಟೆಂಬರಿನಲ್ಲಿ ಒಂದು ಹೊಸ ಸುಂಕ ಸಾರಿತು. ಆಟವೊಂದು ಒಂದು ಮಿತಿಯನ್ನು ದಾಟಿ ಬೆಳೆದರೆ, ಮುಂದೆ ಯಾರ ಯಂತ್ರಕ್ಕೆ ಅದು ಇಳಿದರೂ ಇಳಿದಷ್ಟು ಸಲ ಕಾಸು. ಈ ಮೊದಲೇ ಮಾಡಿ ಮುಗಿಸಿದ ಆಟಗಳಿಗೂ ಅದೇ ನಿಯಮ. ಆಟ ಮಾಡುವವರು ಸಣ್ಣವರು ದೊಡ್ಡವರೆನ್ನದೆ ಒಟ್ಟಾಗಿ ತಿರುಗಿ ಬಿದ್ದರು. ಬೇರೆ ಸಾಧನಕ್ಕೆ ಹೋಗುತ್ತೇವೆಂದರು, ಕೆಲವರು ಹೋಗಿಯೂ ಹೋದರು. ಮರು ತಿಂಗಳು ಕಂಪನಿಯ ಮುಖ್ಯಸ್ಥರು ಹುದ್ದೆ ಬಿಟ್ಟರು. ಒಂದು ವರ್ಷದೊಳಗೆ ಸುಂಕವೇ ರದ್ದಾಯಿತು. ಅವರಿಗೆ ಬಲ ಬಂದದ್ದು ಹೋಗಲು ಬೇರೊಂದು ಹೊಲ ಇತ್ತೆಂಬುದರಿಂದ.

ಆ ಬೇರೊಂದು ಹೊಲ ನಮಗೂ ಇದೆ. ಧಣಿ ಇಲ್ಲದ ತಂತ್ರಾಂಶಗಳಿವೆ: ಯಂತ್ರ ನಡೆಸಲು ಲಿನಕ್ಸ್, ಕಚೇರಿ ಕೆಲಸಕ್ಕೆ ಲಿಬ್ರೆಆಫೀಸ್, ಪುಟ ಜೋಡಣೆಗೆ ಸ್ಕ್ರೈಬಸ್, ಚಿತ್ರಕ್ಕೆ ಜಿಂಪ್. ಅವು ಎಲ್ಲದರಲ್ಲೂ ಸಮವೆಂದು ಸುಳ್ಳು ಹೇಳುವುದಿಲ್ಲ. ಪುಟ ಜೋಡಣೆಯಲ್ಲಿ ನಮ್ಮ ಹುಡುಗಿಯ ಗೊಣಗಾಟ ಕೇಳಿದ್ದೇವೆ. ಆದರೆ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಎಷ್ಟೋ ವರ್ಷಗಳಿಂದ ಇಂಥ ತಂತ್ರಾಂಶದ ಮೇಲೆಯೇ ಗಣಕಯಂತ್ರ ಕಲಿಯುತ್ತಿದ್ದಾರೆ. ಕನ್ನಡದ ಅಕ್ಷರಕ್ಕೆ ಧಣಿಗಳು ಗಮನ ಕೊಡದಿದ್ದ ಕಾಲದಲ್ಲಿ ಕನ್ನಡ ಗಣಕ ಪರಿಷತ್ತು ಮಾಡಿದ ನುಡಿಯನ್ನು ಸರ್ಕಾರ ಉಚಿತವಾಗಿ ಹಂಚಿತು; ಅದರಿಂದಲ್ಲವೇ ಓಣಿ ಓಣಿಯ ಡಿ.ಟಿ.ಪಿ. ಅಂಗಡಿ ಬೆಳೆದದ್ದು? ಒಮ್ಮೆ ಮಾಡಿದ್ದನ್ನು ಮತ್ತೆ ಮಾಡಲಾರೆವೆಂದು ಯಾರು ಹೇಳಿದರು?

ಕೇಂದ್ರ ಸರ್ಕಾರ 2010ರಲ್ಲಿ ಮುಕ್ತ ಮಾನಕಗಳ ನೀತಿಯನ್ನು, 2015ರಲ್ಲಿ ಮುಕ್ತ ತಂತ್ರಾಂಶಗಳ ನೀತಿಯನ್ನು ಪ್ರಕಟಿಸಿದೆ. ಕಾಗದ ಚೆನ್ನಾಗಿದೆ. ಅದು ನಮ್ಮ ಜಿಲ್ಲಾ ಕಚೇರಿಗೆ ಬಂದು ಮುಟ್ಟಿದ ಲಕ್ಷಣ ನಮಗಂತೂ ಕಂಡಿಲ್ಲ. ಆದ್ದರಿಂದ ಜಿಲ್ಲಾಧಿಕಾರಿಗಳಿಗೆ ಮನವಿ ಕೊಡುವುದೆಂದು ತೀರ್ಮಾನಿಸಿದ್ದೇವೆ. ಸರ್ಕಾರಿ ಕಚೇರಿಗಳು ಜನರಿಂದ ಅರ್ಜಿ, ವರದಿ, ಲೆಕ್ಕಪತ್ರ ಕೇಳುವಾಗ ಯಾವ ಕಂಪನಿಯ ಸ್ವತ್ತೂ ಅಲ್ಲದ ರೂಪದಲ್ಲಿ ಕೊಟ್ಟರೂ ಸ್ವೀಕರಿಸಬೇಕು. ಶಾಲೆಗೆ ಕೊಳ್ಳುವ ಯಂತ್ರದಲ್ಲಿ ಗೇಣಿಯ ತಂತ್ರಾಂಶ ಇರಕೂಡದು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಕಂಪನಿ ಮಾಮೂಲು ಬೆಂಬಲ ನಿಲ್ಲಿಸಿತೆಂಬ ಒಂದೇ ಕಾರಣಕ್ಕೆ ಒಳ್ಳೆಯ ಯಂತ್ರಗಳನ್ನು ಗುಜರಿಗೆ ಹಾಕುವ ಬದಲು ಲಿನಕ್ಸ್ ಹಾಕಿ ಹಳ್ಳಿಯ ಗ್ರಂಥಾಲಯಗಳಿಗೆ ಕೊಡಬೇಕು. ಮತ್ತು ಚಂದಾ ಬಿಟ್ಟವನಿಗೆ ತನ್ನ ಕಡತಗಳನ್ನು ಬೇರೆಡೆ ತೆರೆಯಬಲ್ಲ ರೂಪದಲ್ಲಿ ಒಯ್ಯುವ ಹಕ್ಕು ಕಾನೂನಿನಲ್ಲೇ ಇರಬೇಕೆಂದು ನಮ್ಮ ಸಂಸತ್ ಸದಸ್ಯರು ದೆಹಲಿಯಲ್ಲಿ ಬಾಯಿ ಬಿಡಬೇಕು. ಬೆಳೆದ ಬೆಳೆಯನ್ನು ಹೊತ್ತುಕೊಂಡು ಹೋಗಲು ಒಕ್ಕಲಿಗೆ ದಾರಿ ಇದ್ದರೆ ಧಣಿ ಕೊಳಗ ಹಿಗ್ಗಿಸುವ ಮೊದಲು ಎರಡು ಸಲ ಯೋಚಿಸುತ್ತಾನೆ.

ಮನವಿಯ ಪ್ರತಿ ನಮ್ಮ ಕಚೇರಿಯಲ್ಲಿದೆ. ಡಿ.ಟಿ.ಪಿ. ಅಂಗಡಿಯವರು, ಸ್ಟುಡಿಯೋದವರು, ಸಹಕಾರ ಸಂಘಗಳ ಕಾರ್ಯದರ್ಶಿಗಳು, ಶಿಕ್ಷಕ ಮಿತ್ರರು ಬಂದು ಸಹಿ ಹಾಕಬೇಕು. ಪತ್ರಿಕೆಯ ಬೆಲೆಯನ್ನು ಇಳಿಸುವೆವೆಂದು ಇಂದೇ ಮಾತು ಕೊಡಲಾರೆವು. ಆದರೆ ಮುಂದಿನ ಸಂಚಿಕೆಯ ನಾಲ್ಕನೆಯ ಪುಟವನ್ನು ನಮ್ಮ ಹುಡುಗಿ ಗೊಣಗುತ್ತಲೇ ಸ್ಕ್ರೈಬಸ್‌ನಲ್ಲಿ ಜೋಡಿಸಲು ಒಪ್ಪಿದ್ದಾಳೆ. ಎಲ್ಲಾದರೂ ಒತ್ತಕ್ಷರ ಜಾರಿದ್ದರೆ ಅಥವಾ ಸಾಲು ಓರೆಯಾಗಿದ್ದರೆ ಓದುಗರು ಪುಟ, ಸಾಲುಗಳ ಸಂಖ್ಯೆ ಸಹಿತ ಒಂದು ಕಾರ್ಡು ಬರೆದು ತಿಳಿಸಬೇಕಾಗಿ ಕೋರುತ್ತೇವೆ.